ಪೇಟೆಯ ಸುದ್ದಿ ನಡೆದು ಬಂದ ದಾರಿ

ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯ ಮೇಲೆ ಭರಮಸಾಗರವಿದೆ. ಈರುಳ್ಳಿ, ಮೆಕ್ಕೆಜೋಳ, ಹತ್ತಿ, ಶೇಂಗಾ, ಅಡಿಕೆ ಮುಂತಾದ ನಮ್ಮ ಸೀಮೆಯ ಬೆಳೆಗಳನ್ನು ಹೊತ್ತ ಲಾರಿಗಳು ಹಗಲಿರುಳೆನ್ನದೆ ಈ ದಾರಿಯಲ್ಲಿ ಓಡಾಡುತ್ತವೆ. ಬೆಳಗಿನ ಹೊತ್ತು ಇಲ್ಲಿಯ ಯಾವುದಾದರೊಂದು ಹೋಟೆಲಿನಲ್ಲಿ ಕುಳಿತು ನೋಡಿದರೆ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಕಾಫಿ ಬರುವುದಕ್ಕೆ ಮೊದಲೇ ಜೇಬಿನಿಂದ ಫೋನು ಹೊರಗೆ ಬರುತ್ತದೆ. ಭೀಮಸಮುದ್ರದ ಕಡೆಯ ಅಡಿಕೆ ಬೆಳೆಗಾರ ‘ರಾಶಿ’ಯ ಧಾರಣೆ ನೋಡುತ್ತಾನೆ, ಈರುಳ್ಳಿ ತುಂಬಿದ ಲಾರಿಯವನು ಬೆಂಗಳೂರು ಯಶವಂತಪುರದ ಧಾರಣೆ ನೋಡುತ್ತಾನೆ, ಬಟ್ಟೆ ಅಂಗಡಿಯವನು ಹೊಸದಾಗಿ ಬಂದ ಸೀರೆಗಳ ಚಿತ್ರ ತೆಗೆದು ತನ್ನ ಗಿರಾಕಿಗಳಿಗೆಲ್ಲ ಒಂದೇ ಸಲಕ್ಕೆ ಕಳುಹಿಸುತ್ತಾನೆ. ಹಿಂದಿನವರು ಇದನ್ನು ಕಂಡಿದ್ದರೆ ಮಾಯೆ ಎನ್ನುತ್ತಿದ್ದರು.

ಮಾಯೆಯೇನೋ ಸರಿ. ಆದರೆ ಆ ಹೋಟೆಲಿನಲ್ಲೇ ಇನ್ನೊಂದು ಮಾತೂ ಕೇಳಿಬರುತ್ತದೆ: “ಇದನ್ನು ಹೇಳಿದವರು ಯಾರು?” ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: “ಯಾರೋ ಕಳಿಸಿದ್ದಾರಣ್ಣ, ಗ್ರೂಪಿನಲ್ಲಿ ಬಂದಿದೆ.” ಸುದ್ದಿ ಬಂದಿದೆ, ಕಳುಹಿಸಿದವನ ಹೆಸರು ಬಂದಿಲ್ಲ. ಈ ಲೇಖನದ ವಿಷಯ ಅದೇ. ವ್ಯಾಪಾರದ ಸುದ್ದಿ ನಮ್ಮ ನಾಡಿನಲ್ಲಿ ಯಾವ ಯಾವ ವಾಹನವನ್ನೇರಿ ಬಂದಿತು, ಹಾಗೆ ಬರುವಾಗ ಅದರ ಹಿಂದೆ ನಿಂತಿದ್ದ ಹೆಸರು ಎಲ್ಲಿ ಉಳಿಯಿತು, ಎಲ್ಲಿ ಉದುರಿಹೋಯಿತು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಇದಕ್ಕೆ ಪ್ರಾರಂಭವನ್ನು ಹುಡುಕಿಕೊಂಡು ಬಹು ದೂರ ಹೋಗಬೇಕಾಗಿಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ ಎಂಬ ಬೆಟ್ಟವಿದೆ. ಅಲ್ಲಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಪತ್ತೆಮಾಡಿದರು. ಧರ್ಮದ ವಿಷಯವಾಗಿ ಆ ಶಾಸನ ಏನು ಹೇಳುತ್ತದೆ ಎಂಬುದನ್ನು ಬಲ್ಲವರು ಬಹಳ ಬರೆದಿದ್ದಾರೆ. ನಮಗೆ ಇಲ್ಲಿ ಬೇಕಾದದ್ದು ಅದರ ಒಕ್ಕಣೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಅಲ್ಲಿಯ ಮಹಾಮಾತ್ರರೂ ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಕಳುಹಿಸಿದ ಮಾತು ಅದು. ಮೊದಲು ಕಳುಹಿಸಿದವರು ಯಾರು, ಯಾರಿಗೆ ಎಂಬುದು ಬರುತ್ತದೆ. ಅನಂತರ ಆರೋಗ್ಯವನ್ನು ವಿಚಾರಿಸುವ ಮಾತು. ಆಮೇಲೆ ಇದು ದೇವಾನಾಂಪ್ರಿಯನ ಅಪ್ಪಣೆ ಎಂದು ವಿಷಯ. ಎಲ್ಲ ಮುಗಿದ ಮೇಲೆ ಬರೆದವನ ಹೆಸರು: ಚಪಡ. ಅವನು ಲಿಪಿಕಾರನೆಂದು ಹೇಳುವ ಒಂದೇ ಒಂದು ಪದ ಮಾತ್ರ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಗುಮಾಸ್ತನೊಬ್ಬನ ಸಹಿ ಹೀಗೆ ನಮ್ಮ ಜಿಲ್ಲೆಯ ಬಂಡೆಯಲ್ಲಿ ಉಳಿದುಕೊಂಡಿದೆ.

ನಮ್ಮ ಹಿರಿಯರು ಕಾಗದ ಬರೆಯುವಾಗ ಮೊದಲು “ಉಭಯ ಕುಶಲೋಪರಿ” ಎಂದು ಬರೆದು ಆಮೇಲೆ ವಿಷಯಕ್ಕೆ ಇಳಿಯುತ್ತಿದ್ದರಷ್ಟೆ? ಆ ಪದ್ಧತಿಯ ವಂಶದ ಹಿರಿಯನೇ ಬ್ರಹ್ಮಗಿರಿಯ ಬಂಡೆ ಎನ್ನಬಹುದು. ಅಶೋಕನ ಇದೇ ಬಗೆಯ ಶಾಸನ ಆಂಧ್ರದ ಕರ್ನೂಲು ಸೀಮೆಯ ಎರ‍್ರಗುಡಿಯಲ್ಲಿಯೂ ಇದೆ. ಅಲ್ಲಿ ಅಧಿಕಾರಿಗಳು ಭೇರಿ ಹೊಡೆಯಿಸಿ ಹಳ್ಳಿಯ ಜನಕ್ಕೆ ವಿಷಯ ತಿಳಿಸಬೇಕೆಂಬ ಅಪ್ಪಣೆಯನ್ನೂ ಕಾಣುತ್ತೇವೆ. ಓದಬಲ್ಲವರಿಗೆ ಬಂಡೆ, ಓದಲಾರದವರಿಗೆ ಭೇರಿ. ಇಂದು ಬರಹವನ್ನೂ ಧ್ವನಿಯನ್ನೂ ಒಂದೇ ಫೋನಿನಲ್ಲಿ ಕಳುಹಿಸುವ ನಾವು ಇದನ್ನು ತೀರ ಹೊಸದೆಂದು ಭಾವಿಸಬೇಕಾಗಿಲ್ಲ.

ಆ ಭೇರಿಯ ಸಂತತಿಯೇ ನಮ್ಮ ಊರುಗಳ ಡಂಗುರ. ಚಿತ್ರದುರ್ಗದ ನಾಯಕರಲ್ಲಿ 1689ರಿಂದ 1721ರವರೆಗೆ ಆಳಿದ ಭರಮಣ್ಣನಾಯಕ ಕೆರೆಗಳನ್ನು ಕಟ್ಟಿಸಿದವನೆಂದು ಹೆಸರಾದವನು. ಭರಮಸಾಗರದ ಹೆಸರಿನಲ್ಲಿಯೇ ಅವನ ನೆನಪಿದೆ. ಕೆರೆಯಿದ್ದಲ್ಲಿ ಬೆಳೆ, ಬೆಳೆಯಿದ್ದಲ್ಲಿ ಸಂತೆ, ಸಂತೆಯಿದ್ದಲ್ಲಿ ಸುದ್ದಿ. ಅಂದಿನ ಹಳ್ಳಿಯಲ್ಲಿ ಕೆರೆಯ ತೂಬು ಎತ್ತುವ ದಿನ, ಕಂದಾಯ ಕಟ್ಟುವ ದಿನ, ಜಾತ್ರೆ ಕೂಡುವ ದಿನ ಇವೆಲ್ಲ ತಮಟೆಯ ಪೆಟ್ಟಿನಿಂದಲೇ ಜನಕ್ಕೆ ತಿಳಿಯಬೇಕು. ತಮಟೆ ಹೊಡೆಯುವವನನ್ನು ಊರೆಲ್ಲ ಬಲ್ಲದು. ಅವನು ಯಾರ ಅಪ್ಪಣೆಯಿಂದ ಸಾರುತ್ತಿದ್ದಾನೆ ಎಂಬುದೂ ಗೊತ್ತು. ತಪ್ಪು ಸಾರಿದರೆ ಮರುದಿನ ಅದೇ ಬೀದಿಯಲ್ಲಿ ಅದೇ ಜನದ ಎದುರಿಗೆ ಅವನು ತಲೆ ಎತ್ತಿ ನಡೆಯಬೇಕಲ್ಲ!

ಆದರೆ ಆ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ಹೇಳಿದರೆ ಸುಳ್ಳಾದೀತು. ಸಂತೆಯ ದಿನ ತಿಳಿಯುತ್ತಿತ್ತು, ಸಂತೆಯ ಬೆಲೆ ತಿಳಿಯುತ್ತಿರಲಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಬೆಲೆ ಗೊತ್ತುಮಾಡುವ ಪದ್ಧತಿಯನ್ನು ದನಗಳ ಜಾತ್ರೆಯಲ್ಲಿ ತಾವು ನೋಡಿರಬಹುದು. ಎರಡು ಕೈಗಳಿಗೆ ಗೊತ್ತಾದ ಬೆಲೆ ಪಕ್ಕದಲ್ಲಿ ನಿಂತವನ ಕಣ್ಣಿಗೂ ಕಾಣದು. ಹತ್ತಾರು ಮೈಲಿ ಗಾಡಿ ಹೊಡೆದುಕೊಂಡು ಬಂದ ರೈತ ದಲ್ಲಾಳಿ ಹೇಳಿದ್ದನ್ನೇ ಧಾರಣೆಯೆಂದು ನಂಬಬೇಕು. ಇಲ್ಲವಾದರೆ ತಂದ ಮಾಲನ್ನು ತಿರುಗಿ ಒಯ್ಯಬೇಕು. ಬೆಲೆಯನ್ನು ಮೊದಲು ತಿಳಿದವನದೇ ಲಾಭ. ಪೇಟೆಯ ಸುದ್ದಿಯ ಇತಿಹಾಸವೆಂದರೆ ಈ ಟವೆಲ್ಲನ್ನು ಸ್ವಲ್ಪ ಸ್ವಲ್ಪವಾಗಿ ಎತ್ತಿದ ಇತಿಹಾಸವೆಂದರೂ ಸಲ್ಲುತ್ತದೆ.

ದೂರದ ಸುದ್ದಿಯನ್ನು ವ್ಯವಸ್ಥಿತವಾಗಿ ಸಾಗಿಸುವ ಕೆಲಸ ನಮ್ಮಲ್ಲಿ ಮೊದಲು ನಡೆದದ್ದು ಅರಸರ ಅನುಕೂಲಕ್ಕಾಗಿ. ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯನ್ನು ಏರ್ಪಡಿಸಿದರೆಂದು ಇತಿಹಾಸ ಹೇಳುತ್ತದೆ. ಕಾಗದ ಸಾಗಿಸುವುದರ ಜೊತೆಗೆ ತಮ್ಮ ತಮ್ಮ ಸೀಮೆಯಲ್ಲಿ ಏನೇನು ನಡೆಯುತ್ತಿದೆ ಎಂಬುದನ್ನು ಅರಸರಿಗೆ ಗುಟ್ಟಾಗಿ ಬರೆಯುವುದೂ ಅಂಚೆಯವರ ಕೆಲಸವಾಗಿತ್ತು. ಸುದ್ದಿ ಸಾಗಿಸುವವನು ಸಾಗಿಸುತ್ತಲೇ ನಮ್ಮ ಮನೆಯೊಳಕ್ಕೂ ಇಣುಕುತ್ತಾನೆ ಎಂದು ಇಂದು ಸಾಮಾಜಿಕ ಜಾಲತಾಣಗಳ ಕಂಪೆನಿಗಳ ಮೇಲೆ ಹೊರಿಸುವ ದೂರು ಇದೆಯಲ್ಲ, ಅದಕ್ಕೆ ಕನ್ನಡನಾಡಿನಲ್ಲಿ ಮುನ್ನೂರೈವತ್ತು ವರ್ಷದ ಪೂರ್ವಿಕರಿದ್ದಾರೆ.

1879ರಲ್ಲಿ ಕಾಲಾಣೆಯ ಕಾರ್ಡು ಬಂದಿತು. 1889ರಲ್ಲಿ ಮೈಸೂರಿನ ಅಂಚೆ ಭಾರತ ಸರ್ಕಾರದ ಅಂಚೆಯೊಡನೆ ಸೇರಿತು. ಸಣ್ಣ ವ್ಯಾಪಾರಿಗೆ ದೊಡ್ಡ ಬಲ ಕೊಟ್ಟದ್ದು ಈ ಕಾರ್ಡು. ಮಂಡಿಯವರು ಬೆಳೆಗಾರನಿಗೆ ಧಾರಣೆ ಬರೆದು ಹಾಕುವರು. ಬೆಳೆಗಾರ ತನ್ನ ಲೆಕ್ಕ ಕೇಳಿ ಬರೆಯುವನು. ಕಾರ್ಡು ತಲಪುವ ಹೊತ್ತಿಗೆ ಧಾರಣೆ ಹಳೆಯದಾಗಿರುತ್ತಿತ್ತು, ನಿಜ. ಆದರೆ ತಾರೀಖು, ಊರು, ಸಹಿ ಮೂರೂ ಇದ್ದುವು. ಮಂಡಿಯವನು ಆಡಿದ ಮಾತಿಗೆ ತಪ್ಪಿದರೆ ಬೆಳೆಗಾರ ಆ ಕಾರ್ಡನ್ನು ಸೂರಿನಿಂದ ತೆಗೆದು ಅವನ ಮುಂದೆ ಹಿಡಿಯಬಹುದಾಗಿತ್ತು.

ವೇಗ ಬಂದದ್ದು ತಂತಿಯಿಂದ. ನಮ್ಮ ದೇಶದಲ್ಲಿ 1855ರಲ್ಲಿ ತಂತಿ ಸಾರ್ವಜನಿಕರಿಗೆ ತೆರೆಯಿತು. ಇನ್ನು ಹತ್ತು ವರ್ಷಗಳಲ್ಲಿ, 1865ರಲ್ಲಿ, ಪರ್ಷಿಯಾ ಕೊಲ್ಲಿಯ ಮೇಲಿನ ತಂತಿಯಿಂದ ಯೂರೋಪಿಗೂ ನಮಗೂ ಸಂಪರ್ಕ ಏರ್ಪಟ್ಟಿತು. ಆ ವರ್ಷವನ್ನು ಹತ್ತಿ ಬೆಳೆಯುವ ನಾಡು ಮರೆಯುವಂತಿಲ್ಲ. ಅಮೆರಿಕದ ಅಂತರ್ಯುದ್ಧ 1861ರಲ್ಲಿ ಪ್ರಾರಂಭವಾಗಿ, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ಕಡಿಮೆಯಾದಾಗ ಭಾರತದ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂದಿತು. ಧಾರವಾಡ ಸೀಮೆಯ ಹತ್ತಿ ಮುಂಬಯಿಯ ದಾರಿ ಹಿಡಿಯಿತು. ಮುಂಬಯಿಯಲ್ಲಿ ಹಣ ಹೊಳೆಯಾಗಿ ಹರಿದು, ಕಂಡ ಕಂಡ ಕಂಪೆನಿಯ ಷೇರುಗಳನ್ನು ಜನ ಕೊಂಡರು. 1865ರ ಏಪ್ರಿಲಿನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದನು. ಯುದ್ಧ ಮುಗಿಯಿತೆಂಬ ಸುದ್ದಿ ಮುಂಬಯಿಗೆ ಮುಟ್ಟಿದ್ದೇ ತಡ, ಹತ್ತಿಯ ಬೆಲೆ ಕುಸಿಯಿತು. ಅದರ ಹಿಂದೆಯೇ ಕಂಪೆನಿಗಳು ಮುಳುಗಿದುವು. ಸುದ್ದಿ ನಿಜವಾದದ್ದೇ. ಆದರೆ ಅದು ಮೊದಲು ಮುಟ್ಟಿದ್ದು ತಂತಿಯ ಹತ್ತಿರ ಇದ್ದವರಿಗೆ. ಎರೆಹೊಲದಲ್ಲಿ ಹತ್ತಿ ಬಿತ್ತಿದ ರೈತನಿಗೆ ಅದು ಮುಟ್ಟಿದ್ದು ಸುದ್ದಿಯಾಗಿ ಅಲ್ಲ, ಬಿದ್ದ ಬೆಲೆಯಾಗಿ.

ತಂತಿಯಲ್ಲಿ ಪದಕ್ಕೆ ಇಷ್ಟು ಎಂದು ಹಣ ಕೊಡಬೇಕಾದ್ದರಿಂದ ವ್ಯಾಪಾರಿಗಳ ಮಾತು ಬಿಗಿಯಾಯಿತು. ಒಂದು ವಾಕ್ಯದ ಬದಲು ಒಂದೇ ಪದ ಕಳುಹಿಸುವ ಸಂಕೇತ ಕೋಶಗಳು ಹುಟ್ಟಿಕೊಂಡುವು. 1906ರಲ್ಲಿ ಹೊರಬಂದ ಬೆಂಟ್ಲಿಯ ಕೋಶದಲ್ಲಿ ಐದೈದು ಅಕ್ಷರಗಳ ಗುಂಪಿಗೆ ಒಂದೊಂದು ಪೂರ್ತಿ ವಾಕ್ಯದ ಅರ್ಥವಿತ್ತು. ಹಣ ಉಳಿಯಿತು, ಗುಟ್ಟೂ ಉಳಿಯಿತು. ಆದರೆ ಒಂದು ಅಕ್ಷರ ತಪ್ಪಿದರೆ ‘ಕೊಳ್ಳಿ’ ಎಂಬುದು ‘ಮಾರಿ’ ಎಂದಾಗುವ ಭಯವೂ ಸೇರಿಕೊಂಡಿತು. ಮನೆಗಳಲ್ಲಿ ತಂತಿ ಬಂದಿತೆಂದರೆ ಅಳುವ ಕಾಲದಲ್ಲಿ ಪೇಟೆಯ ಮಂಡಿಗಳಲ್ಲಿ ಅದು ದಿನದಿನದ ಮಾತಾಗಿತ್ತು. ಕೊನೆಗೆ 2013ರ ಜುಲೈ 15ರಿಂದ ನಮ್ಮ ದೇಶದಲ್ಲಿ ತಂತಿಯ ಸೇವೆ ನಿಂತುಹೋಯಿತು.

ಬೆಲೆಯ ಸುದ್ದಿಯನ್ನು ಎಲ್ಲರ ಮನೆಗೂ ಒಂದೇ ಗಳಿಗೆಯಲ್ಲಿ ಮುಟ್ಟಿಸಿದ್ದು ರೇಡಿಯೋ. ಈ ಪತ್ರಿಕೆಯ ಓದುಗರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಸಣ್ಣದೊಂದು ಪ್ರೇಷಕವನ್ನಿಟ್ಟು ಪ್ರಸಾರ ಪ್ರಾರಂಭಿಸಿದರು. ‘ಆಕಾಶವಾಣಿ’ ಎಂಬ ಮಾತು ಅಲ್ಲಿಂದಲೇ ದೇಶಕ್ಕೆಲ್ಲ ಹಬ್ಬಿತು. ಧಾರವಾಡ ನಿಲಯ 1950ರಲ್ಲಿ, ಬೆಂಗಳೂರು ನಿಲಯ 1955ರಲ್ಲಿ, ಭದ್ರಾವತಿ ನಿಲಯ 1965ರಲ್ಲಿ ಬಂದುವು; ಮುಂದೆ ಚಿತ್ರದುರ್ಗಕ್ಕೂ ಸ್ವಂತ ಎಫ್. ಎಂ. ನಿಲಯ ಬಂದಿತು. ರೈತರಿಗಾಗಿ ನಡೆಯುವ ಕಾರ್ಯಕ್ರಮಗಳಲ್ಲಿ ಪೇಟೆ ಧಾರಣೆ ಓದುವ ಪದ್ಧತಿ ಬೆಳೆಯಿತು. ಓದುವ ಧ್ವನಿಯಲ್ಲಿ ರಸವಿಲ್ಲ, ರಾಗವಿಲ್ಲ. ಊರಿನ ಹೆಸರು, ಮಾಲಿನ ಹೆಸರು, ಕನಿಷ್ಠ, ಗರಿಷ್ಠ, ಅಷ್ಟೆ. ಆದರೂ ಆ ನಾಲ್ಕು ಮಾತಿಗಾಗಿ ರೈತ ಕಿವಿಗೊಟ್ಟು ಕುಳಿತನು. ಯಾಕೆಂದರೆ ದಲ್ಲಾಳಿಗೂ ತನಗೂ ಒಂದೇ ಧಾರಣೆ ಒಂದೇ ಗಳಿಗೆಯಲ್ಲಿ ಕೇಳಿಸಿತು. ಅದು ಎಲ್ಲಿಯ ಮಾರುಕಟ್ಟೆಯದು, ಯಾವ ದಿನದ್ದು, ಯಾವ ನಿಲಯದಿಂದ ಬಂದದ್ದು ಎಂಬುದೂ ಅದರೊಡನೆಯೇ ಇತ್ತು. ವೇಗವೂ ಸಹಿಯೂ ಜೊತೆಗೂಡಿದ ಅಪರೂಪದ ಸಂದರ್ಭವಿದು.

ರೇಡಿಯೋ ಹೇಳುತ್ತದೆ, ಮರುಪ್ರಶ್ನೆ ಕೇಳಲು ಅವಕಾಶವಿಲ್ಲ. ಆ ಕೊರತೆಯನ್ನು ತುಂಬಿದ್ದು ಟೆಲಿಫೋನು. ಬೆಂಗಳೂರಿನಲ್ಲಿ ಭಾರತೀಯ ದೂರವಾಣಿ ಕಾರ್ಖಾನೆ 1948ರಲ್ಲಿಯೇ ಪ್ರಾರಂಭವಾದರೂ ಹಳ್ಳಿಗಳ ಪಾಲಿಗೆ ಫೋನು ಬಹುಕಾಲ ದೂರವಾಗಿಯೇ ಉಳಿಯಿತು. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದವರು ನಮ್ಮಲ್ಲಿ ಇನ್ನೂ ಅನೇಕರಿದ್ದಾರೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಧೂಳು ಸೆಕೆಗಳನ್ನು ತಡೆದುಕೊಂಡು, ಹವಾನಿಯಂತ್ರಣವಿಲ್ಲದೆ ಕೆಲಸ ಮಾಡುವ ಸಣ್ಣ ವಿನಿಮಯ ಕೇಂದ್ರವೊಂದನ್ನು ರಚಿಸಿತು. 128 ಸಂಪರ್ಕಗಳ ಆ ಕೇಂದ್ರವನ್ನು ಮೊದಲು ನಿಲ್ಲಿಸಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಅಲ್ಲಿಂದ ಮುಂದೆ ಹಳದಿ ಬೋರ್ಡಿನ ಎಸ್. ಟಿ. ಡಿ. ಬೂತುಗಳು ಹೆದ್ದಾರಿಯ ಊರುಗಳಲ್ಲೆಲ್ಲ ಎದ್ದುವು. ಲಾರಿ ನಿಲ್ಲಿಸಿ, ಬೂತಿಗೆ ಹೋಗಿ, “ಇವತ್ತು ಎಷ್ಟಕ್ಕೆ ಹೋಯಿತು ಸ್ವಾಮಿ?” ಎಂದು ಕೇಳಿ, ಆಮೇಲೆ ಮುಂದಕ್ಕೆ ಹೋಗುವುದೋ ಇಲ್ಲಿಯೇ ಇಳಿಸುವುದೋ ಎಂದು ತೀರ್ಮಾನಿಸುವ ಸ್ವಾತಂತ್ರ್ಯ ಸರಕಿನವನಿಗೆ ಬಂದಿತು. 1995ರಲ್ಲಿ ದೇಶಕ್ಕೆ ಮೊಬೈಲು ಬಂದಿತು. ಅದೇ ವರ್ಷ ಅಂತರ್ಜಾಲವೂ ಸಾರ್ವಜನಿಕರಿಗೆ ದೊರೆಯಿತು. ಕೆಲವು ವರ್ಷಗಳಲ್ಲಿ ಬೂತುಗಳು ಬಾಗಿಲು ಹಾಕಿಕೊಂಡು, ಬೂತೇ ರೈತನ ಜೇಬಿಗೆ ಬಂದು ಕುಳಿತಿತು.

ಇಲ್ಲಿಂದ ಮುಂದೆ ಕಥೆ ಓಟ ಹಿಡಿಯುತ್ತದೆ. ಕಂಪ್ಯೂಟರುಗಳ ನಡುವೆ ಲಿಪಿಗಳನ್ನು ಒಂದೇ ಕ್ರಮದಲ್ಲಿ ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಜಾಗ ದೊರೆತಿತ್ತು. ಫೋನುಗಳು ಅದನ್ನು ಒಪ್ಪಿಕೊಂಡ ಮೇಲೆ ವ್ಯಾಪಾರಿ ತನ್ನ ಮಾತಿನಲ್ಲಿಯೇ ಗಿರಾಕಿಗೆ ಬರೆಯುವಂತಾಯಿತು. ಕರ್ನಾಟಕ ಸರ್ಕಾರ 2014ರ ಫೆಬ್ರವರಿಯಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ತೆರೆಯಿತು. ಒಂದು ಊರಿನ ಅಂಗಳದಲ್ಲಿರುವ ಮಾಲಿಗೆ ಇನ್ನೊಂದು ಊರಿನ ವ್ಯಾಪಾರಿ ಕಂಪ್ಯೂಟರಿನ ಮೂಲಕ ಬೆಲೆ ಕೂಗಬಹುದು. ಹೆಚ್ಚಿನ ಬೆಲೆ ಯಾವುದೆಂಬುದು ರೈತನ ಮೊಬೈಲಿಗೆ ಸಂದೇಶವಾಗಿ ಬರುತ್ತದೆ. ಎರಡು ವರ್ಷದ ಮೇಲೆ, 2016ರ ಏಪ್ರಿಲಿನಲ್ಲಿ, ಇದೇ ಧಾಟಿಯ ರಾಷ್ಟ್ರೀಯ ವೇದಿಕೆ ಬಂದಿತು. ಟವೆಲ್ಲಿನ ಕೆಳಗಿನ ಬೆರಳುಗಳಿಂದ ಇಲ್ಲಿಯವರೆಗೆ ಬಂದ ದಾರಿಯನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ.

ಇದರ ಮಗ್ಗುಲಲ್ಲಿಯೇ ಇನ್ನೊಂದು ಹೊಳೆ ಹರಿಯಿತು. 2004ರಲ್ಲಿ ಫೇಸ್‌ಬುಕ್, 2009ರಲ್ಲಿ ವಾಟ್ಸಾಪ್ ಹುಟ್ಟಿದುವು. 2018ರ ಪ್ರಾರಂಭದಲ್ಲಿ ಸಣ್ಣ ವ್ಯಾಪಾರಿಗಳಿಗೆಂದೇ ವಾಟ್ಸಾಪಿನ ಪ್ರತ್ಯೇಕ ರೂಪವೊಂದು ಬಂದಿತು. ಹಿಂದೆ ದೊಡ್ಡ ಕಂಪೆನಿಗಳಷ್ಟೇ ಜಾಹೀರಾತಿನ ಪಂಡಿತರನ್ನು ಇಟ್ಟುಕೊಂಡಿದ್ದುವು. ಈಗ ಬೀಜದ ಅಂಗಡಿಯವನೂ, ಹಾಲಿನ ಸಂಘದ ಕಾರ್ಯದರ್ಶಿಯೂ, ಮನೆಯಲ್ಲಿ ಹಪ್ಪಳ ಮಾಡಿ ಮಾರುವ ತಾಯಿಯೂ ತಮ್ಮ ಮಾತನ್ನು ತಾವೇ ಜನಕ್ಕೆ ಮುಟ್ಟಿಸುತ್ತಾರೆ. ಪ್ರತಿಯೊಬ್ಬನ ಕೈಗೂ ಒಂದೊಂದು ತಮಟೆ ಬಂದಂತಾಯಿತು. ಆದರೆ ಡಂಗುರದವನ ಕೊರಳಿಗೆ ಕಟ್ಟಿದ್ದ ಹೊಣೆ ಮಾತ್ರ ಎಲ್ಲರಿಗೂ ಹಂಚಿಕೆಯಾಗಲಿಲ್ಲ.

ಹೊಣೆಯಿಲ್ಲದ ಸುದ್ದಿ ಏನು ಮಾಡಬಲ್ಲದು ಎಂಬುದನ್ನು ನಮ್ಮ ರಾಜ್ಯ ಎರಡು ಸಲ ಕಂಡಿತು. 2012ರ ಆಗಸ್ಟಿನಲ್ಲಿ, ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆ ನಡೆಯುವುದೆಂಬ ಗಾಳಿಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿ, ಸಾವಿರಾರು ಜನ ಕೆಲಸ ಬಿಟ್ಟು, ಗಂಟು ಕಟ್ಟಿಕೊಂಡು ಬೆಂಗಳೂರಿನ ರೈಲ್ವೆ ನಿಲ್ದಾಣಕ್ಕೆ ಓಡಿದರು. ಒಬ್ಬನು ಒಮ್ಮೆಗೇ ಐದು ಜನಕ್ಕಿಂತ ಹೆಚ್ಚು ಮಂದಿಗೆ ಸಂದೇಶ ಕಳುಹಿಸಬಾರದೆಂದು ಕೇಂದ್ರ ಸರ್ಕಾರ ಹದಿನೈದು ದಿನಗಳ ಮಟ್ಟಿಗೆ ತಡೆ ಹಾಕಬೇಕಾಯಿತು. 2018ರ ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟ ಪರ ಊರಿನವರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪಿನಲ್ಲಿ ಸುದ್ದಿ ಹಬ್ಬಿ, ಗುಂಪು ಅವರ ಮೇಲೆ ಬಿದ್ದಿತು. ನಿರಪರಾಧಿಯಾದ ಒಬ್ಬ ಯುವಕ ಪ್ರಾಣ ಕಳೆದುಕೊಂಡನು. ದೇಶದ ಇತರ ಭಾಗಗಳಲ್ಲಿಯೂ ಇಂಥವು ನಡೆದಿದ್ದುವು. ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆಗೆ ಒಮ್ಮೆಗೇ ಮುಂದಕ್ಕೆ ತಳ್ಳಲಾಗದಂತೆ ವಾಟ್ಸಾಪ್ ಭಾರತದಲ್ಲಿ ಕಟ್ಟು ಹಾಕಿದ್ದು, ಬೇರೆಯವರಿಂದ ಬಂದದ್ದಕ್ಕೆ ಹಾಗೆಂದು ಗುರುತು ಹಚ್ಚಿದ್ದು ಆ ತಿಂಗಳಿನಲ್ಲಿಯೇ. ಆ ಗುರುತು ನಮಗೆ ಹೇಳುವುದು ಒಂದೇ ಮಾತು: ಇದನ್ನು ಕಳುಹಿಸಿದವನು ಇದನ್ನು ಬರೆದವನಲ್ಲ.

ಪ್ರಾಣಕ್ಕೆ ಬರುವ ಆಪತ್ತು ಪೇಟೆಯಲ್ಲಿ ಹಣಕ್ಕೆ ಬರುತ್ತದೆ. ನಮ್ಮ ಸೀಮೆಯ ಅಡಿಕೆಯದೇ ಒಂದು ಉದಾಹರಣೆ ನೋಡಿ. 2022ರ ಸೆಪ್ಟೆಂಬರ್ ಕೊನೆಯಲ್ಲಿ, ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಕಟ್ಟಿಲ್ಲದೆ ತರಿಸಿಕೊಳ್ಳಬಹುದೆಂದು ಕೇಂದ್ರ ಸರ್ಕಾರ ಅಪ್ಪಣೆ ಮಾಡಿತು. ಬೆಳೆಗಾರರಿಗೆ ಕಳವಳವಾದದ್ದು ಸಹಜ. ಆದರೆ ಈ ಸುದ್ದಿಯಲ್ಲಿ ಜೀವವಿರುವ ಪದ ‘ಹಸಿ’ ಎಂಬುದು. ಹಸಿ ಕಾಯಿಯನ್ನು ಸುಲಿದು, ಬೇಯಿಸಿ, ಒಣಗಿಸಿದರೆ ತೂಕ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ಭೀಮಸಮುದ್ರದ ಯಾವ ಹುಡುಗನೂ ಬಲ್ಲನು. ದೇಶದ ಬೆಳೆಯಾದರೋ ವರ್ಷಕ್ಕೆ ಹತ್ತು ಲಕ್ಷ ಟನ್ನನ್ನೂ ಮೀರಿದ್ದು. ಎರಡಕ್ಷರದ ಆ ಪದವೊಂದು ಕೈಯಿಂದ ಕೈಗೆ ಹೋಗುವಾಗ ಉದುರಿತೆಂದರೆ ಅಂಕಿ ಸುಳ್ಳಾಗದಿದ್ದರೂ ಸುದ್ದಿ ಸುಳ್ಳಾಗುತ್ತದೆ. ಹೆದರಿದವನು ಮನೆಯಲ್ಲಿದ್ದ ಮಾಲನ್ನು ಅಗ್ಗಕ್ಕೆ ಕೊಡುತ್ತಾನೆ, ಹೆದರಿಸಿದವನು ಕೊಳ್ಳುತ್ತಾನೆ. ವರ್ಷವಿಡೀ ತೋಟಕ್ಕೆ ನೀರು ಕಟ್ಟಿದ ದುಡಿಮೆ ಒಂದು ಬೆಳಗಿನ ಸಂದೇಶಕ್ಕೆ ಹೋಗಬಾರದು.

ಹಾಗಾದರೆ ಫೋನನ್ನು ಕೆರೆಗೆ ಎಸೆಯೋಣವೇ? ಬೇಡ. ತಂತಿಯ ಕಾಲದಲ್ಲಿ ದೂರದಲ್ಲೇ ಉಳಿದಿದ್ದ ರೈತನನ್ನು ಪೇಟೆಯ ನಡುವಿಗೆ ತಂದು ನಿಲ್ಲಿಸಿದ ಉಪಕರಣವಿದು. ಆದರೆ ವ್ಯಾಪಾರದ ಮಾತನ್ನು ಜನಕ್ಕೆ ಮುಟ್ಟಿಸುವ ಹೊಣೆ ಹೊತ್ತವರು, ಅವರು ದೊಡ್ಡ ಕಂಪೆನಿಯವರಿರಲಿ, ಸಹಕಾರ ಸಂಘದವರಿರಲಿ, ಊರಿನ ಗ್ರೂಪು ನಡೆಸುವ ಹುಡುಗನಿರಲಿ, ಬ್ರಹ್ಮಗಿರಿಯ ಒಕ್ಕಣೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಯಾರಿಂದ, ಯಾರಿಗೆ, ಯಾರ ಅಪ್ಪಣೆಯಿಂದ, ಬರೆದವನು ಯಾರು ಎಂಬ ನಾಲ್ಕು ಮಾತು ಅಲ್ಲಿವೆ. ಕಾಲಾಣೆಯ ಕಾರ್ಡು ಕಲಿಸಿದ ತಾರೀಖನ್ನೂ, ರೇಡಿಯೋ ಕಲಿಸಿದ ಮಾರುಕಟ್ಟೆಯ ಹೆಸರನ್ನೂ ಅದಕ್ಕೆ ಸೇರಿಸಿಕೊಂಡರೆ ಧಾರಣೆಯ ಸಂದೇಶ ಇನ್ನೆರಡು ಸಾಲು ಉದ್ದವಾಗಬಹುದು. ಈಗ ಪದಕ್ಕೆ ಇಷ್ಟು ಎಂದು ಹಣ ಕೊಡಬೇಕಾಗಿಲ್ಲವಲ್ಲ. ಪಡೆದವರ ಕಡೆಯಿಂದಲೂ ಸ್ವಲ್ಪ ಕೆಲಸವಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಗಾದೆ ಹೇಳುತ್ತದೆ; ಕಣ್ಣಿಗೆ ಕಂಡದ್ದಕ್ಕೇ ಆ ಎಚ್ಚರ ಬೇಕಾದರೆ ಗ್ರೂಪಿನಲ್ಲಿ ಬಂದದ್ದಕ್ಕೆ ಎಷ್ಟು ಬೇಕು?

ಮತ್ತೆ ಆ ಹೋಟೆಲಿಗೆ ಹೋಗೋಣ. ಕಾಫಿ ಬಂದಿದೆ. ಬೆಳೆಗಾರ ಫೋನನ್ನು ಪಕ್ಕದವನ ಮುಂದೆ ಹಿಡಿದು ಧಾರಣೆ ತೋರಿಸುತ್ತಾನೆ. ಪಕ್ಕದ ಹಿರಿಯ ಕನ್ನಡಕವನ್ನು ಸರಿಮಾಡಿಕೊಂಡು ಅಂಕಿಯನ್ನು ಆಮೇಲೆ ನೋಡುತ್ತಾನೆ, ಮೊದಲು ಕೆಳಗಿನ ಸಾಲಿಗೆ ಕಣ್ಣು ಹಾಯಿಸಿ, “ಯಾವ ಮಾರುಕಟ್ಟೆದು? ಎಂದಿನದು? ಕಳಿಸಿದವರು ಯಾರಪ್ಪಾ?” ಎಂದು ಕೇಳುತ್ತಾನೆ. ಆ ಪ್ರಶ್ನೆಯನ್ನು ಕೇಳುವವರು ಊರಿಗೆ ನಾಲ್ಕು ಜನ ಇದ್ದರೂ ಸಾಕು, ಪೇಟೆಯಲ್ಲಿ ಮಾತಿಗೆ ಬೆಲೆ ಉಳಿಯುತ್ತದೆ.